ಕೊನೆಯ ಪಂದ್ಯದ ತೂಕ

ಮದುವೆಗೆ ಹೊರಟವರು ರೈಲಿನಲ್ಲಿ ಆಡುವ ಮಾತಿಗೆ ಎಲ್ಲೆಯೆಂಬುದಿಲ್ಲ. ಕೆಲವು ತಿಂಗಳ ಹಿಂದೆ ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವಾಗ ನನ್ನ ಎದುರಿಗೆ ಅಂಥ ಒಂದು ಗುಂಪು ಕುಳಿತಿತ್ತು. ಒಬ್ಬರು ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟದ ಯಜಮಾನರು. ಇನ್ನೊಬ್ಬರು ಅರಕಲಗೂಡಿನ ಕಡೆ ಹೊಗೆಸೊಪ್ಪು ಬೆಳೆಯುವ ಅವರ ಷಡ್ಡಕರು. ಆಲೂಗೆಡ್ಡೆಯ ಧಾರಣೆಯಿಂದ ಹೊರಟ ಮಾತು ಮಳೆ, ಮಗನ ಓದು, ಮೊಣಕಾಲು ನೋವು ಎಲ್ಲವನ್ನೂ ದಾಟಿ ಜಾವಗಲ್ ಶ್ರೀನಾಥರ ಬಳಿ ಬಂದು ನಿಂತಿತು. ‘ವಿಶ್ವಕಪ್ಪಿನ ಫೈನಲ್ಲಿನಲ್ಲಿ 87 ಓಟ ಕೊಟ್ಟವರನ್ನು ಏನೆಂದು ಹೊಗಳುತ್ತೀರಿ?’ ಎಂದರು ತೋಟದವರು. ‘ಈ ದೇಶದ ಸತ್ತ ಪಿಚ್ಚಿನ ಮೇಲೆ ಜೀವ ತೇದರು ಸ್ವಾಮಿ, ಬೇರೆ ಕಡೆ ಹುಟ್ಟಿದ್ದರೆ ಅವರನ್ನು ಹಿಡಿಯುವವರೇ ಇರುತ್ತಿರಲಿಲ್ಲ’ ಎಂದರು ಷಡ್ಡಕರು. ನಾನು ಬಾಯಿ ಬಿಡಲಿಲ್ಲ. ಆದರೆ ಮನಸ್ಸು ಎರಡನೆಯವರ ಪಕ್ಷದಲ್ಲಿತ್ತು, ಬಹುಕಾಲದಿಂದಲೂ ಇತ್ತು.

ಶ್ರೀನಾಥರು ಹುಟ್ಟಿದ್ದು ಮೈಸೂರಿನಲ್ಲಿ, 1969ರ ಆಗಸ್ಟ್ 31ರಂದು. ಆದರೂ ಹಾಸನ ಜಿಲ್ಲೆಯವರು ಅವರನ್ನು ಬಿಟ್ಟುಕೊಡುವುದಿಲ್ಲ. ಜಾವಗಲ್ ಇರುವುದು ನಮ್ಮ ಅರಸೀಕೆರೆ ತಾಲ್ಲೂಕಿನಲ್ಲಿ. ಅಲ್ಲಿಯ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನು ಬೇಲೂರು ಹಳೇಬೀಡುಗಳಿಗೆ ಬಂದವರು ನೋಡದೆಯೇ ಹೋಗಿಬಿಡುತ್ತಾರೆ. ಹೆಸರಿನ ಮುಂದೆ ಊರನ್ನು ಹೊತ್ತು ತಿರುಗುವುದು ನಮ್ಮ ಪದ್ಧತಿ. ಪರದೇಶದ ವೀಕ್ಷಕ ವಿವರಣೆಗಾರರು ‘ಜಾವಗಲ್’ ಎಂಬುದು ತಂದೆತಾಯಿ ಇಟ್ಟ ಹೆಸರೇನೋ ಎಂಬಂತೆ ಕೂಗುವಾಗ ನಾವು ನಗುತ್ತಿದ್ದೆವು, ಒಳಗೊಳಗೇ ಹಿಗ್ಗುತ್ತಲೂ ಇದ್ದೆವು.

ಆಪಾದನೆಯನ್ನು ಮೊದಲು ನೋಡೋಣ. 2003ರ ಮಾರ್ಚ್ 23, ಜೊಹಾನ್ಸ್‌ಬರ್ಗ್. ಹತ್ತು ಓವರುಗಳಲ್ಲಿ 87 ಓಟ, ವಿಕೆಟ್ ಒಂದೂ ಇಲ್ಲ. ಆಸ್ಟ್ರೇಲಿಯ ಎರಡೇ ವಿಕೆಟ್ ಕಳೆದುಕೊಂಡು 359 ಓಟ ಗಳಿಸಿತು. ಪಾಂಟಿಂಗ್ ಒಬ್ಬರೇ 140. ಟೆಸ್ಟಿನಿಂದ 2002ರಲ್ಲಿಯೇ ಹಿಂದೆ ಸರಿದಿದ್ದ ಶ್ರೀನಾಥರು ನಾಯಕ ಗಂಗೂಲಿಯವರ ಒತ್ತಾಯಕ್ಕೆ ಕಟ್ಟುಬಿದ್ದು ಮತ್ತೆ ಚೆಂಡು ಹಿಡಿದಿದ್ದರು. ಆಗ ಅವರಿಗೆ ಮೂವತ್ತಮೂರು ವರ್ಷ. ಗುಮಾಸ್ತನಿಗೆ ಅದು ಎಳೆಯ ಪ್ರಾಯ, ವೇಗದ ಬೌಲರನಿಗೆ ಮುಪ್ಪು.

ಮುಷ್ಟಿಮಲ್ಲರ ಚರಿತ್ರೆಯಲ್ಲಿ ಇದು ಹಳೆಯ ಕಥೆ. 1937ರಿಂದ 1949ರವರೆಗೆ ಭಾರಿ ತೂಕದವರ ಕಿರೀಟ ಹೊತ್ತಿದ್ದ ಜೋ ಲೂಯಿ, ತೆರಿಗೆಯ ಸಾಲ ತೀರಿಸಲೆಂದು ಮತ್ತೆ ಕಣಕ್ಕಿಳಿದು, 1951ರ ಅಕ್ಟೋಬರಿನಲ್ಲಿ ರಾಕಿ ಮಾರ್ಸಿಯಾನೊನ ಹೊಡೆತಕ್ಕೆ ಹಗ್ಗದಾಚೆ ಬಿದ್ದ. ಅವನಿಗಾಗ ಮೂವತ್ತೇಳು. ಆ ಒಂದು ರಾತ್ರಿಯಿಂದ ಹನ್ನೆರಡು ವರ್ಷಗಳನ್ನು ಅಳೆಯುವವರು ಇಂದಿಗೂ ಇದ್ದಾರೆ. ಇದಕ್ಕೆ ತಿರುವುಮುರುವಾಗಿ ಜಾರ್ಜ್ ಫೋರ್ಮನ್ 1994ರ ನವೆಂಬರಿನಲ್ಲಿ, ನಲವತ್ತೈದರ ವಯಸ್ಸಿನಲ್ಲಿ, ಕಿರೀಟವನ್ನು ಮರಳಿ ಗೆದ್ದ. ಆ ಒಂದು ಏಟು ಅವನ ಹಿಂದಿನ ಸೋಲುಗಳಿಗೂ ಬಂಗಾರದ ನೀರು ಕುಡಿಸಿತು. ಕೊನೆಯ ಪಂದ್ಯಕ್ಕೆ ಸಲ್ಲದ ತೂಕ ಕೊಡುವುದು ನಮ್ಮೆಲ್ಲರ ಚಾಳಿ. ಫೈನಲ್ಲಿಗೆ ಹದಿಮೂರು ದಿನ ಮುಂಚೆ ಅದೇ ಮೈದಾನದಲ್ಲಿ ಶ್ರೀನಾಥರು ಶ್ರೀಲಂಕದ ನಾಲ್ಕು ವಿಕೆಟ್‌ಗಳನ್ನು 35 ಓಟಕ್ಕೆ ಕಿತ್ತಿದ್ದರು. ಆ ವಿಶ್ವಕಪ್ಪಿನಲ್ಲಿ ಅವರಿಗೆ ದಕ್ಕಿದ್ದು 16 ವಿಕೆಟ್. ತೋಟದ ಯಜಮಾನರಿಗೆ ಇಷ್ಟು ಉತ್ತರ ಸಾಕು.

ಕಷ್ಟ ಬಂದಿದ್ದು ನನ್ನ ಪಕ್ಷದ್ದೇ. ಮನೆಗೆ ಬಂದು, ಷಡ್ಡಕರ ಮಾತಿಗೆ ಪುಷ್ಟಿ ಹುಡುಕೋಣವೆಂದು ಅಂಕಿ ಅಂಶಗಳನ್ನು ಮುಂದಿಟ್ಟುಕೊಂಡೆ. 67 ಟೆಸ್ಟ್, 236 ವಿಕೆಟ್, ಸರಾಸರಿ 30.49. ಇದರಲ್ಲಿ ಸ್ವದೇಶದ ಪಾಲು 32 ಟೆಸ್ಟ್‌ಗಳಲ್ಲಿ 108 ವಿಕೆಟ್, ಒಂದೊಂದಕ್ಕೆ 26.61 ಓಟ. ಹೊರಗೆ 35 ಟೆಸ್ಟ್‌ಗಳಲ್ಲಿ 128 ವಿಕೆಟ್, ಒಂದೊಂದಕ್ಕೆ 33.76. ಎರಡು ಸಲ ಓದಿದೆ. ಸತ್ತ ಪಿಚ್ಚಿನ ಮೇಲೆ ವ್ಯರ್ಥವಾದರೆಂದು ನಾವು ಮರುಗಿದ ಮನುಷ್ಯ ಆ ಪಿಚ್ಚುಗಳ ಮೇಲೆಯೇ ಹೆಚ್ಚು ಚೆನ್ನಾಗಿ ಬೌಲ್ ಮಾಡಿದ್ದರು! ವೇಗಿಗಳ ಸ್ವರ್ಗವೆಂದು ನಾವು ನಂಬಿದ್ದ ಆಸ್ಟ್ರೇಲಿಯದಲ್ಲಿ, 1991–92ರ ಮೊದಲ ಪ್ರವಾಸದ ಐದು ಟೆಸ್ಟ್‌ಗಳಲ್ಲಿ ಸಿಕ್ಕಿದ್ದು ಹತ್ತೇ ವಿಕೆಟ್. ‘ಅಲ್ಲಿ ಹುಟ್ಟಿದ್ದರೆ’ ಎಂಬ ನಮ್ಮ ಹೊಗಳಿಕೆ ಅವರಿಗೆ ಸಲ್ಲದ್ದು. ಆಡದ ಆಟಕ್ಕಾಗಿ ಹೊಗಳುತ್ತ, ಆಡಿದ ಆಟವನ್ನು ನಾವು ನೋಡಲೇ ಇಲ್ಲ.

ಆಡಿದ ಆಟ ಯಾವುದು? 1991ರ ನವೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟಿಗೆ ಕಾಲಿಟ್ಟವರು ತವರಿನ ಮೊದಲ ಟೆಸ್ಟ್ ಆಡಿದ್ದು 1994ರ ನವೆಂಬರಿನಲ್ಲಿ, ಮುಂಬಯಿಯಲ್ಲಿ, ವೆಸ್ಟ್ ಇಂಡೀಸಿನ ವಿರುದ್ಧ. ನಡುವಿನ ಮೂರು ವರ್ಷ ತವರಿನ ಟೆಸ್ಟ್‌ಗಳೆಲ್ಲವನ್ನೂ ಹೊರಗೆ ಕುಳಿತು ನೋಡಿದರು. ಇಲ್ಲಿ ಮೂವರು ಸ್ಪಿನ್ನರುಗಳ ಕಾಲ. ಉಳಿದ ಜಾಗಗಳಲ್ಲಿ ಒಂದು ಕಪಿಲ್‌ದೇವರಿಗೆ ಮೀಸಲು. ಹ್ಯಾಡ್ಲಿಯವರ 431 ವಿಕೆಟ್‌ಗಳ ದಾಖಲೆಯನ್ನು ಕಪಿಲ್ 1994ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ದಾಟಿದರು. ಆ ಸಂಜೆ ನಾನೂ ಚಪ್ಪಾಳೆ ತಟ್ಟಿದವನೇ. ಮುದಿ ಮಲ್ಲನಿಗೆ ಗೌರವ ಸಲ್ಲಿಸುವಾಗ ಎಳೆಯ ಮಲ್ಲನ ಒಳ್ಳೆಯ ವರ್ಷಗಳು ಖರ್ಚಾಗುತ್ತಿವೆಯೆಂದು ಆಗ ಹೊಳೆಯಲಿಲ್ಲ. ಮುಂಬಯಿಯಲ್ಲಿ ಕೊನೆಗೂ ಸರದಿ ಬಂದಾಗ ಶ್ರೀನಾಥರು ಬ್ಯಾಟಿನಿಂದಲೂ 60 ಓಟ ಸೇರಿಸಿದರು. ಪಂದ್ಯವನ್ನು ಭಾರತ ಗೆದ್ದಿತು.

1996ರ ನವೆಂಬರಿನಲ್ಲಿ ಮತ್ತೆ ಅಹಮದಾಬಾದು. ದಕ್ಷಿಣ ಆಫ್ರಿಕಕ್ಕೆ ಬೇಕಾಗಿದ್ದು 170 ಓಟ. ಒಡೆದ ಪಿಚ್ಚು ಸ್ಪಿನ್ನರುಗಳದೆಂದು ಎಲ್ಲರೂ ಕಾದಿದ್ದರು. ಶ್ರೀನಾಥರು 21 ಓಟ ಕೊಟ್ಟು ಆರು ವಿಕೆಟ್ ಕಿತ್ತರು; ಅವರು 105ಕ್ಕೆ ಮುಗಿದರು. 1987ರ ಸೋಲಿನ ನಂತರ 2000ದವರೆಗೆ ಭಾರತ ತವರಿನಲ್ಲಿ ಟೆಸ್ಟ್ ಸರಣಿ ಸೋಲಲಿಲ್ಲ. ಆ ಕೀರ್ತಿಯನ್ನು ನಾವು ಕುಂಬ್ಳೆಯವರ ಖಾತೆಗೆ ಬರೆದೆವು. ಅದು ನ್ಯಾಯವೇ. ಆದರೆ ಆ ಖಾತೆಯಲ್ಲಿ ಇನ್ನೊಂದು ಹೆಸರು ಇರಬೇಕಾಗಿತ್ತು. 1997ರಲ್ಲಿ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸವೂ ತಪ್ಪಿತು. ಅದೇ ಭುಜದಿಂದ ಮತ್ತೆ ಆರು ವರ್ಷ ಎಸೆದರು. ಒಂದು ದಿನದ ಆಟದಲ್ಲಿ ಅವರ 315 ವಿಕೆಟ್‌ಗಳನ್ನು ಮೀರಿದ ಭಾರತೀಯರು ಕುಂಬ್ಳೆ ಒಬ್ಬರೇ. ವೇಗಿಗಳಲ್ಲಿ ಮುನ್ನೂರು ಮುಟ್ಟಿದ ಬೇರೆಯ ಭಾರತೀಯನಿಲ್ಲ.

1999ರ ಫೆಬ್ರವರಿ 7ರ ದೆಹಲಿಯನ್ನು ಹೇಳದಿದ್ದರೆ ಷಡ್ಡಕರು ನನ್ನನ್ನು ಕ್ಷಮಿಸಲಾರರು. ಪಾಕಿಸ್ತಾನದ ಒಂಬತ್ತು ವಿಕೆಟ್ ಕುಂಬ್ಳೆಯವರದಾಗಿತ್ತು, ಉಳಿದದ್ದು ಒಂದು. ಇನ್ನೊಂದು ಕೊನೆಯಲ್ಲಿ ಚೆಂಡು ಶ್ರೀನಾಥರ ಕೈಯಲ್ಲಿ. ವೈಡ್ ಎನಿಸಿಕೊಳ್ಳುವಷ್ಟು ದೂರ ಎಸೆದರು; ವಿಕೆಟ್ ಎಲ್ಲಿ ಬಿದ್ದುಬಿಡುತ್ತದೋ ಎಂಬ ಭಯ ಅವರಿಗೆ. ಹತ್ತನೆಯದೂ ಕುಂಬ್ಳೆಯವರಿಗೇ ದಕ್ಕಿತು. ಅದು ಶಾಲೆಯ ಮಕ್ಕಳಿಗೂ ಗೊತ್ತು.

ಒಂಬತ್ತು ದಿನ ಕಳೆದು ಕಲ್ಕತ್ತೆಯಲ್ಲಿ ಅದೇ ಪಾಕಿಸ್ತಾನದೊಡನೆ ಇನ್ನೊಂದು ಟೆಸ್ಟ್. ಮೊದಲ ಸರದಿಯಲ್ಲಿ 46ಕ್ಕೆ ಐದು, ಎರಡನೆಯದರಲ್ಲಿ 86ಕ್ಕೆ ಎಂಟು, ಒಟ್ಟು ಹದಿಮೂರು ವಿಕೆಟ್. ಆ ಪಂದ್ಯವೆಂದರೆ ಜನರಿಗೆ ನೆನಪಿರುವುದು ಶೋಯೆಬ್ ಅಖ್ತರನಿಗೆ ಢಿಕ್ಕಿಯಾಗಿ ತೆಂಡೂಲ್ಕರ್ ರನ್ ಔಟ್ ಆದದ್ದು ಮತ್ತು ಆಮೇಲಿನ ಗಲಭೆ. ಭಾರತ 46 ಓಟಗಳಿಂದ ಸೋತಿತು. ಪೊಲೀಸರು ಮೆಟ್ಟಿಲುಗಳನ್ನು ತೆರವು ಮಾಡಿಸಿದ್ದರಿಂದ, ಶ್ರೀನಾಥರ ಬಾಳಿನ ಆ ಅತಿ ದೊಡ್ಡ ಪಂದ್ಯ ಮುಗಿದಾಗ ಈಡನ್ ಗಾರ್ಡನ್ ಬಹುಪಾಲು ಖಾಲಿಯಾಗಿತ್ತು.