ಫಿಲ್ಮ್ ಸ್ಕ್ಯಾನರು ಮತ್ತು ಕಂಪ್ಯೂಟರಿನ ಪೋರ್ಟು: ಬಳ್ಳಾರಿ ಸೀಮೆಯ ಚಿತ್ರಸಾಮಗ್ರಿಯನ್ನು ಕುರಿತು ಒಂದು ವಿವೇಚನೆ

ಬಳ್ಳಾರಿ ಸೀಮೆಯ ಇತಿಹಾಸಕ್ಕೆ ಶಾಸನಗಳಂತೆ ಛಾಯಾಚಿತ್ರಗಳೂ ಆಧಾರಗಳಾಗಿವೆ. 1856ರ ವೇಳೆಗೆ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವರು ಹಂಪಿಯ ಅವಶೇಷಗಳನ್ನು ಮೇಣ ಸವರಿದ ಕಾಗದದ ನೆಗೆಟಿವುಗಳಲ್ಲಿ ಸೆರೆಹಿಡಿದರು. 1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಅವರು ಅವೇ ನೆಲೆಗಳಲ್ಲಿ ನಿಂತು ಮತ್ತೆ ಚಿತ್ರಗಳನ್ನು ತೆಗೆದುದರಿಂದ, ಆ ನಡುವೆ ಸ್ಮಾರಕಗಳಲ್ಲಿ ಆದ ಮಾರ್ಪಾಟುಗಳನ್ನು ಹೋಲಿಸಿ ನೋಡುವುದು ಸಾಧ್ಯವಾಯಿತು. ಹಳೆಯ ನೆಗೆಟಿವು ಉಳಿದುಬಂದಿದ್ದುದೇ ಇದಕ್ಕೆ ಕಾರಣ.

ಇಪ್ಪತ್ತನೆಯ ಶತಮಾನದ ಫಿಲ್ಮುಗಳ ಸ್ಥಿತಿ ಇಷ್ಟು ನೆಮ್ಮದಿಯದಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿದ ಕಾಲದಲ್ಲಿ ಬಳಕೆಯಲ್ಲಿದ್ದುದು ಬಹುಮಟ್ಟಿಗೆ ಅಸಿಟೇಟ್ ಫಿಲ್ಮು. ಶಾಖ ಮತ್ತು ತೇವಗಳಿಂದ ಅದು ಕ್ಷಯಿಸಿ, ವಿನಿಗರಿನಂತೆ ಹುಳಿ ವಾಸನೆ ಬೀರಿ, ಕುಗ್ಗಿ ಸುಕ್ಕಾಗುತ್ತದೆ. ಬಳ್ಳಾರಿಯ ಬೇಸಗೆಯಂತೂ ಸರ್ವವಿದಿತ. ಪಾರ್ವತಿನಗರವೇ ಮೊದಲಾದ ಬಡಾವಣೆಗಳ ಪೆಟ್ಟಿಗೆಗಳಲ್ಲಿ ಅಂತಹ ಸುರುಳಿಗಳು ಉಳಿದಿದ್ದರೆ, ಅವುಗಳ ಪ್ರತಿ ಮಾಡಿಕೊಳ್ಳುವ ಕಾರ್ಯಕ್ಕೆ ವಿಳಂಬ ಸಲ್ಲದು. ಈ ಕಾರ್ಯಕ್ಕೆ ತಕ್ಕ ಸಾಧನವೆಂದರೆ ಫಿಲ್ಮ್ ಸ್ಕ್ಯಾನರು. ಆದರೆ ಉತ್ತಮವಾದ ಸ್ಕ್ಯಾನರುಗಳನ್ನು ಇಂದಿನ ಕಂಪ್ಯೂಟರಿಗೆ ಜೋಡಿಸಲು ತಕ್ಕ ಪೋರ್ಟೇ ಇಲ್ಲದಿರುವುದು ದೊಡ್ಡ ತೊಡಕಾಗಿದೆ. ಈ ತೊಡಕು ಬಂದ ಬಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲ ಘಟ್ಟ ಸ್ಕಸಿ ಎಂಬ ಜೋಡಣೆಯದು. 1986ರಲ್ಲಿ ಅಮೆರಿಕದ ಪ್ರಮಾಣವಾಗಿ ಅಂಗೀಕೃತವಾದ ಈ ಕ್ರಮದಲ್ಲಿ ಪ್ರತಿಯೊಂದು ಸಾಧನಕ್ಕೂ ಒಂದು ಸಂಖ್ಯೆ ಇರಬೇಕು. ಸರಪಣಿಯ ಎರಡು ತುದಿಗಳಲ್ಲಿಯೂ ಸಂಕೇತವನ್ನು ತಡೆಯುವ ಟರ್ಮಿನೇಟರುಗಳಿರಬೇಕು. ನಿಕಾನ್ ಸಂಸ್ಥೆಯ ಕೂಲ್‌ಸ್ಕ್ಯಾನ್ 2000 ಈ ವರ್ಗಕ್ಕೆ ಸೇರಿದುದು. 1998ರ ಐಮ್ಯಾಕ್ ಯಂತ್ರದಲ್ಲಿ ಆಪಲ್ ಸಂಸ್ಥೆಯು ಸ್ಕಸಿಯನ್ನು ಬಿಟ್ಟು ಯುಎಸ್‌ಬಿಯನ್ನು ಅಳವಡಿಸಿತು.

ಹಾಗಿದ್ದರೂ 2001ರ ಕೂಲ್‌ಸ್ಕ್ಯಾನ್ 8000 ಫೈರ್‌ವೈರನ್ನೇ ಆಶ್ರಯಿಸಿತು. ಇದಕ್ಕೆ ಕಾರಣವನ್ನು ಲೆಕ್ಕದಿಂದ ತಿಳಿಯಬಹುದು. ಈ ಯಂತ್ರವು ಅಂಗುಲಕ್ಕೆ 4000 ಬಿಂದುಗಳಂತೆ ಓದುತ್ತದೆ. 120 ಸುರುಳಿಯ ಚೌಕ ಚಿತ್ರವೊಂದರ ಕಡತವು, ಬಿಂದುವಿಗೆ 6 ಬೈಟುಗಳಂತೆ, ಸುಮಾರು 460 ಮೆಗಾಬೈಟಾಗುತ್ತದೆ. ಆಗಿನ ಯುಎಸ್‌ಬಿಯ ವೇಗ ಕ್ಷಣಕ್ಕೆ 12 ಮೆಗಾಬಿಟ್. ಅದರ ಪೂರ್ಣ ವೇಗದಲ್ಲಿಯೂ ಐದು ನಿಮಿಷಗಳು ಹಿಡಿಯುತ್ತಿದ್ದವು. 400 ಮೆಗಾಬಿಟ್ಟಿನ ಫೈರ್‌ವೈರಿಗಾದರೋ ಹತ್ತು ಕ್ಷಣಗಳು ಸಾಕು. ಅಂದು ವಿವೇಕದಿಂದ ಮಾಡಿದ ಆಯ್ಕೆಯೇ ಇಂದು ತೊಡಕಾಗಿದೆಯೆಂಬುದು ಗಮನಾರ್ಹ.

ಫೈರ್‌ವೈರ್ ಸ್ಕ್ಯಾನರನ್ನು ಯುಎಸ್‌ಬಿ ಪೋರ್ಟಿಗೆ ಸೇರಿಸಲು ಅಗ್ಗದ ತುಂಡುಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಇವು ನಿಷ್ಪ್ರಯೋಜಕ. ಯುಎಸ್‌ಬಿಯಲ್ಲಿ ಕಂಪ್ಯೂಟರೇ ಎಲ್ಲವನ್ನೂ ಆಳುತ್ತದೆ. ಫೈರ್‌ವೈರಿನಲ್ಲಿ ಸಾಧನಗಳು ಸಮಾನಸ್ಕಂಧವಾಗಿ ವ್ಯವಹರಿಸುತ್ತವೆ. ತುದಿಯ ಆಕಾರವನ್ನು ಮಾತ್ರ ಬದಲಿಸುವ ತುಂಡು ಈ ಭೇದವನ್ನು ನೀಗಲಾರದು. ಥಂಡರ್‌ಬೋಲ್ಟ್ ಪೋರ್ಟಿದ್ದ ಮ್ಯಾಕ್ ಯಂತ್ರಗಳಲ್ಲಿ ಅಡಾಪ್ಟರುಗಳ ಸರಪಣಿಯಿಂದ ಕೆಲಸ ಸಾಗುತ್ತಿತ್ತು. 2025ರ ಟಾಹೋ ಆವೃತ್ತಿಯಲ್ಲಿ ಆಪಲ್ ಸಂಸ್ಥೆಯು ಫೈರ್‌ವೈರಿನ ಬೆಂಬಲವನ್ನೇ ಕೈಬಿಟ್ಟುದರಿಂದ, ಹಿಂದಿನ ಆವೃತ್ತಿಯನ್ನು ಉಳಿಸಿಕೊಂಡ ಯಂತ್ರಗಳಿಗೆ ಮಾತ್ರ ಆ ದಾರಿ ಉಳಿದಿದೆ.

ಹೀಗಿರುವಲ್ಲಿ ಹೆಚ್ಚು ಭದ್ರವಾದ ಮಾರ್ಗವೆಂದರೆ, ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟುಳ್ಳ ಮೇಜಿನ ಕಂಪ್ಯೂಟರೊಂದಕ್ಕೆ ಫೈರ್‌ವೈರ್ ಕಾರ್ಡನ್ನು ಅಳವಡಿಸಿ, ಆ ಯಂತ್ರವನ್ನು ಸ್ಕ್ಯಾನರಿನ ಸೇವೆಗಾಗಿಯೇ ಮೀಸಲಿಡುವುದು. ಲಿನಕ್ಸಿನಲ್ಲಿ ಫೈರ್‌ವೈರಿನ ಬೆಂಬಲ ಇನ್ನೂ ಉಳಿದಿದೆ. ವ್ಯೂಸ್ಕ್ಯಾನ್ ತಂತ್ರಾಂಶವು ಹಳೆಯ ಕೂಲ್‌ಸ್ಕ್ಯಾನುಗಳನ್ನು ನಡೆಸಬಲ್ಲುದು. ಇನ್ನೊಂದು ಎಚ್ಚರಿಕೆಯೂ ಅಗತ್ಯ: ಧೂಳನ್ನು ಗುರುತಿಸುವ ಅವಗೆಂಪು ಕಿರಣವು ಕಪ್ಪುಬಿಳುಪು ಫಿಲ್ಮಿನ ಬೆಳ್ಳಿಯನ್ನೇ ಧೂಳೆಂದು ಭ್ರಮಿಸುವುದರಿಂದ, ಅಂಥಲ್ಲಿ ಅದನ್ನು ನಿಲ್ಲಿಸಬೇಕು.

ಮೇಲಿನ ವಿವೇಚನೆಯಿಂದ, ಸ್ಕ್ಯಾನರು ಕೆಡುವುದಕ್ಕೆ ಮೊದಲೇ ಅದರ ಪೋರ್ಟು ಮರೆಯಾಗುತ್ತದೆಂಬುದು ವಿದಿತವಾಗುತ್ತದೆ. ಆದುದರಿಂದ ಸಂಶೋಧನ ಸಂಸ್ಥೆಗಳು ಸ್ಕ್ಯಾನರಿನ ಜೊತೆಗೆ ಅದಕ್ಕೆ ಒಗ್ಗುವ ಕಂಪ್ಯೂಟರನ್ನೂ ಕೇಬಲನ್ನೂ ಸಂರಕ್ಷಿಸಬೇಕು; ಹುಳಿ ವಾಸನೆಯ ಫಿಲ್ಮುಗಳನ್ನು ಮೊದಲು ಕೈಗೆತ್ತಿಕೊಳ್ಳಬೇಕು. ಪ್ರತಿಯಾದ ಮೇಲೂ ಮೂಲ ನೆಗೆಟಿವನ್ನು ತಂಪಾದ, ಒಣ ಸ್ಥಳದಲ್ಲಿ ಇರಿಸಿ ಕಾಪಾಡಬೇಕು. ಮುಂದೆ ಬರುವ ಸಂಶೋಧಕರಿಗೆ ಅದೇ ಪ್ರಮಾಣ.