ಪ್ರತಿರೂಪಕ ವ್ಯವಹಾರ: ಆಹಾರದಲ್ಲಿ ಅಡಗಿದ ಹಿಂಸೆ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತ, ಕೊನೆಯದಾಗಿ ಪ್ರತಿರೂಪಕ ವ್ಯವಹಾರವನ್ನು ಹೆಸರಿಸಿದ್ದಾರೆ. ಒಂದು ವಸ್ತುವಿನಲ್ಲಿ ಅದರಂತೆಯೇ ತೋರುವ ಇನ್ನೊಂದನ್ನು ಬೆರೆಸಿ ಮಾರುವುದೇ ಇದರ ಅರ್ಥ. ಕಲಬೆರಕೆಯು ಕೇವಲ ಆರೋಗ್ಯದ ಪ್ರಶ್ನೆಯಲ್ಲ, ಅದು ಕಳ್ಳತನವೇ ಎಂಬುದು ಈ ಸೂತ್ರದ ತಾತ್ಪರ್ಯ. ಉಣ್ಣುವವನಿಗೆ ತಿಳಿಯದಂತೆ ಅವನ ವ್ರತವನ್ನೇ ಕದಿಯುವುದಕ್ಕಿಂತ ದೊಡ್ಡ ಚೌರ್ಯ ಯಾವುದಿದೆ?

ಕಳೆದ ನಾಲ್ಕು ದಶಕಗಳ ಇತಿಹಾಸವು ಇದಕ್ಕೆ ಸಾಕ್ಷಿಯಾಗಿದೆ. 1983ರಲ್ಲಿ ವನಸ್ಪತಿಯಲ್ಲಿ ಹೊರದೇಶದಿಂದ ತರಿಸಿದ ದನದ ಕೊಬ್ಬನ್ನು ಬೆರೆಸಿದ ಸಂಗತಿ ಬಯಲಾಗಿ ದೇಶವೇ ತಲ್ಲಣಿಸಿತು. ಅಮೆರಿಕದಲ್ಲಿ ಮ್ಯಾಕ್‌ಡೊನಾಲ್ಡ್ಸ್ ಸಂಸ್ಥೆಯು 1990ರಲ್ಲಿ ಆಲೂಗಡ್ಡೆಯನ್ನು ಸಸ್ಯಜನ್ಯ ಎಣ್ಣೆಯಲ್ಲಿಯೇ ಕರಿಯುವುದಾಗಿ ಸಾರಿತು. ಆದರೆ ರುಚಿಗೆಂದು ಸೇರಿಸಿದ ಗೋಮಾಂಸದ ಸಾರವು ‘ನೈಸರ್ಗಿಕ ಸುವಾಸನೆ’ ಎಂಬ ಹೆಸರಿನ ಮರೆಯಲ್ಲಿತ್ತು. 2001ರಲ್ಲಿ ಸಸ್ಯಾಹಾರಿಗಳು ಸಿಯಾಟಲ್ ನಗರದಲ್ಲಿ ದಾವೆ ಹೂಡಿದರು. 2002ರಲ್ಲಿ ಸಂಸ್ಥೆಯು ಕ್ಷಮೆ ಕೋರಿ 1 ಕೋಟಿ ಡಾಲರ್ ಕೊಡಲು ಒಪ್ಪಿತು. ಭಾರತದ ಅಂಗಡಿಗಳಲ್ಲಿ ಆ ಸಾರವನ್ನು ಬಳಸುವುದಿಲ್ಲವೆಂದೂ ತಿಳಿಸಿತು.

ನಮ್ಮ ರಾಜ್ಯವೂ ಇದಕ್ಕೆ ಹೊರತಲ್ಲ. 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನು ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದಿದ್ದವು.

ಹಸಿರು ಚುಕ್ಕೆ ಇದೆಯಲ್ಲ ಎಂದು ಕೆಲವರು ಕೇಳಬಹುದು. 2001ರಲ್ಲಿ ಬಂದ ಆ ಗುರುತು ಉಪಕಾರಿಯೇ ಸರಿ; ಆದರೆ ಕಾನೂನಿನ ಗೆರೆಯೂ ಶ್ರಾವಕಾಚಾರದ ಗೆರೆಯೂ ಒಂದೇ ಅಲ್ಲ. 2020ರ ನಿಯಮಾವಳಿಯು ಜೇನು, ಜೇನುಮೇಣ, ಅರಗುಗಳನ್ನು ಮಾಂಸಾಹಾರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ನಮಗಾದರೋ ಮದ್ಯ, ಮಾಂಸ, ಮಧು ಈ ಮೂರೂ ತ್ಯಾಜ್ಯ. ಕಂದಮೂಲಗಳಿಂದ ಮಾಡಿದ ತಿನಿಸಿಗೂ ಹಸಿರು ಚುಕ್ಕೆಯೇ ಇರುತ್ತದೆ. ಇನ್ನು ಪೊಟ್ಟಣದ ಮೇಲಿನ ಸಂಖ್ಯೆಗಳು: ರುಚಿವರ್ಧಕ 631 ಮಾಂಸ, ಮೀನುಗಳಿಂದಲೂ ದೊರೆಯುತ್ತದೆ, ಸಸ್ಯಮೂಲದ ಹುದುಗುವಿಕೆಯಿಂದಲೂ ದೊರೆಯುತ್ತದೆ, ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ಮೂಲ ತಿಳಿಯದು. ಆದ್ದರಿಂದಲೇ 2021ರ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು, ಘಟಕಗಳ ಸಂಕೇತವಷ್ಟೇ ಸಾಲದು, ಅವು ಸಸ್ಯಮೂಲವೋ ಪ್ರಾಣಿಮೂಲವೋ ಎಂಬುದನ್ನೂ ತಿಳಿಸಬೇಕೆಂದು ಹೇಳಿತು.

ವಿಜಯಪುರ, ತಿಕೋಟಾ, ಬಬಲೇಶ್ವರಗಳ ಬಸದಿ ಟ್ರಸ್ಟುಗಳ ಬಂಧುಗಳಲ್ಲಿ ನನ್ನದೊಂದು ವಿನಂತಿ. ದಶಲಕ್ಷಣ ಪರ್ವದ ಪಾರಣೆಗಾಗಲಿ, ಪೂಜಾ ಮಹೋತ್ಸವದ ಭೋಜನಕ್ಕಾಗಲಿ ಹೊರಗಿನಿಂದ ಸಾಮಗ್ರಿ ತರಿಸುವಾಗ ಪ್ರತಿಯೊಂದು ಘಟಕದ ಮೂಲವನ್ನು ಸರಬರಾಜುದಾರರಿಂದ ಬರೆಯಿಸಿಕೊಳ್ಳಿರಿ. ಅಂಗಡಿಯಿಟ್ಟ ನಾವೂ ಗಿರಾಕಿ ಕೇಳುವ ಮೊದಲೇ ಆ ವಿವರವನ್ನು ತಿಳಿದಿರಬೇಕು. ಅಹಿಂಸೆ ಉಣ್ಣುವವನ ವ್ರತವಾದರೆ ಅಚೌರ್ಯ ಮಾರುವವನ ವ್ರತ. ಎರಡೂ ಕೂಡಿದಾಗಲೇ ಆಹಾರ ಶುದ್ಧವಾಗುತ್ತದೆ.