ನರ್ಸಬಾಯಿ ಕೊಟ್ಟ ಗುಳಿಗೆ, ಸಂಶೋಧಕರು ಓದುವ ಪಾಠ

ಸಾವಳಗಿ ಭಾಗದ ಹಳ್ಳಿಗಳಿಗೆ ಫಾರ್ಮು ಹಿಡಿದು ಬರುವ ಸಂಶೋಧನಾ ವಿದ್ಯಾರ್ಥಿಗಳು ಹೊಸಬರಲ್ಲ. ಒಬ್ಬರು ಕಬ್ಬಿನ ಖರ್ಚು ಕೇಳುತ್ತಾರೆ, ಇನ್ನೊಬ್ಬರು ಹೆಣ್ಣುಮಕ್ಕಳ ರಕ್ತಹೀನತೆ ಬಗ್ಗೆ ಕೇಳುತ್ತಾರೆ. ಕೊನೆಗೆ ‘ಇಲ್ಲೊಂದು ಸಹಿ ಮಾಡ್ರಿ’ ಅನ್ನುತ್ತಾರೆ. ಆ ಸಹಿಗೂ ಒಂದು ಇತಿಹಾಸ ಇದೆ. ಅದರ ಒಂದು ಅಧ್ಯಾಯ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯಲ್ಲೇ ನಡೆದಿದೆ.

2002ರ ಮಾತು. ಆಗ ಹಳ್ಳಿಗಳಲ್ಲಿ ಬಹಳಷ್ಟು ಹೆರಿಗೆ ಮನೆಯಲ್ಲೇ ಆಗುತ್ತಿದ್ದವು. ಕೂಸು ಹುಟ್ಟಿದ ಮೇಲೆ ರಕ್ತ ನಿಲ್ಲದೆ ತಾಯಂದಿರು ಸಾಯುತ್ತಿದ್ದರು. ರಕ್ತ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ ಇತ್ತು, ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ಬಲ್ಲವರು ಬೇಕು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಪರೀಕ್ಷೆ ಮಾಡಿದರು. ಹಳ್ಳಿಯ 25 ನರ್ಸಬಾಯಿಯರು ಹೆರಿಗೆ ಮಾಡಿಸಿ, ಗುಳಿಗೆ ಕೊಟ್ಟು, ಅಳತೆ ಗೆರೆ ಇದ್ದ ಪ್ಲಾಸ್ಟಿಕ್ ಚೀಲದಲ್ಲಿ ರಕ್ತ ಅಳೆದರು. 2005ರ ಕೊನೆಯವರೆಗೆ 1,620 ತಾಯಂದಿರು. 812 ಜನರಿಗೆ ನಿಜವಾದ ಗುಳಿಗೆ, 808 ಜನರಿಗೆ ಔಷಧವೇ ಇಲ್ಲದ, ನೋಡಲು ಹಾಗೇ ಇರುವ ಗುಳಿಗೆ. ಯಾರಿಗೆ ಯಾವುದು ಹೋಯಿತೆಂದು ಕೊಟ್ಟವರಿಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ.

ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಬರೀ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 12 ಜನರಿಗೆ ಅತಿಯಾದ ರಕ್ತಸ್ರಾವ ಆಗಿತ್ತು. ಔಷಧ ಸಿಕ್ಕವರಲ್ಲಿ ಅದು 6.4ಕ್ಕೆ ಇಳಿದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಕೆಲಸಕ್ಕಾಗಿ ಈ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೆಳಗಾವಿಯ ಬಾಣಂತಿಯರಿಂದ ಜಗತ್ತಿಗೇ ಉಪಕಾರ ಆಯಿತು.

ಆದರೆ ಆ 808 ಜನ? ಹೋಲಿಸಿ ನೋಡದೆ ಔಷಧದ ಗುಣ ಸಾಬೀತಾಗುವುದಿಲ್ಲ ಎನ್ನುವುದು ಒಂದು ವಾದ. ಮನೆ ಹೆರಿಗೆಯಲ್ಲಿ ಆಗ ಹೇಗೂ ಇಂಥ ಔಷಧ ಇರಲಿಲ್ಲ ಎನ್ನುವುದೂ ನಿಜ. ನಮಗೆ ಈ ವಾದ ತಳ್ಳಿಹಾಕುವಂಥದ್ದಲ್ಲ. ಆದರೂ ಅದು ನಿಲ್ಲುವುದು ಒಂದೇ ಕಂಬದ ಮೇಲೆ: ‘ತಾಯಿ, ನಿನಗೆ ಬರುವುದು ಬರೀ ಗುಳಿಗೆಯೂ ಆಗಿರಬಹುದು, ಬೇಡ ಅನ್ನುವ ಹಕ್ಕು ನಿನಗಿದೆ’ ಎಂದು ಅವಳದೇ ಮಾತಿನಲ್ಲಿ ಮೊದಲೇ ಹೇಳುವುದು.

ಹಾಗೆ ಹೇಳದೆ ಹೋದದ್ದಕ್ಕೆ ಅಮೆರಿಕದ ಟಸ್ಕೀಗಿ ದೊಡ್ಡ ಉದಾಹರಣೆ. ಅಲ್ಲಿ 1932ರಿಂದ 40 ವರ್ಷ, ಸಿಫಿಲಿಸ್ ರೋಗ ಇದ್ದ 399 ಬಡ ಕಪ್ಪುಜನರನ್ನು ಸರಕಾರವೇ ಬರೀ ನೋಡುತ್ತ ಕುಳಿತಿತ್ತು. ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ. 1972ರಲ್ಲಿ ಸುದ್ದಿ ಹೊರಬಿದ್ದಾಗ ನಿಯಮಗಳು ಬಿಗಿಯಾದವು.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1980ರಿಂದಲೇ ನಿಯಮ ಬರೆದಿದೆ. ಆದರೂ 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ಲಸಿಕೆ ಹಾಕಿದಾಗ, ಎಷ್ಟೋ ಫಾರ್ಮುಗಳಿಗೆ ಅಪ್ಪ-ಅಮ್ಮನ ಬದಲು ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಮಾಡಿದ್ದರು. ಕೆಲವು ಹುಡುಗಿಯರು ತೀರಿಕೊಂಡರು. ಸಾವಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಎಂದು ವಿಚಾರಣೆ ಹೇಳಿತು. ಆ ಲಸಿಕೆ ಒಳ್ಳೆಯದೇ, ಅದಕ್ಕೆ ಹೆದರಬೇಕಿಲ್ಲ. ಸಹಿಯ ವಿಷಯದಲ್ಲಿ ಮಾತ್ರ 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿಯೇ ಬರೆಯಿತು.

ಈಗ ಫಾರ್ಮು ಹಿಡಿದು ಬರುವ ವಿದ್ಯಾರ್ಥಿಗಳ ವಿಷಯ. ವಿಶ್ವವಿದ್ಯಾಲಯ ಅನುದಾನ ಆಯೋಗ 2019ರ ಡಿಸೆಂಬರ್‌ನಲ್ಲಿ ಪಿಎಚ್.ಡಿ. ಮಾಡುವ ಎಲ್ಲರಿಗೂ ಸಂಶೋಧನೆಯ ನೀತಿ ಕಲಿಸುವ 2 ಕ್ರೆಡಿಟ್‌ನ ಕೋರ್ಸ್ ಕಡ್ಡಾಯ ಮಾಡಿತು. ಒಟ್ಟು 30 ತಾಸು, ಆರು ಭಾಗ. ಬೇರೆಯವರ ಬರಹ ಕದಿಯಬಾರದು, ಅಂಕಿಅಂಶ ಹುಟ್ಟಿಸಬಾರದು, ಮೋಸದ ಪತ್ರಿಕೆಗಳನ್ನು ಹೇಗೆ ಗುರುತಿಸಬೇಕು, ಇಂಥವೆಲ್ಲ ಅದರಲ್ಲಿವೆ. ಬೇಕಾದದ್ದೇ. ಕೃತಿಚೌರ್ಯಕ್ಕೆ 2018ರಲ್ಲೇ ಪ್ರತ್ಯೇಕ ನಿಯಮ ಬಂದಿದೆ, ಪ್ರಬಂಧದಲ್ಲಿ 60 ಪರ್ಸೆಂಟ್ ಮೀರಿ ನಕಲು ಸಿಕ್ಕರೆ ನೋಂದಣಿಯೇ ರದ್ದು.

ಆದರೆ ಆ ಆರು ಭಾಗಗಳಲ್ಲಿ ನಮ್ಮ ಹೊಸ್ತಿಲಿಗೆ ಬಂದು ಒಪ್ಪಿಗೆ ಕೇಳುವುದು ಹೇಗೆ ಎನ್ನುವುದಕ್ಕೆ ಒಂದೂ ಇಲ್ಲ. ವೈದ್ಯಕೀಯ ಪಿ.ಜಿ. ವಿದ್ಯಾರ್ಥಿಗಳಿಗೆ ಬೇರೆ ಕೋರ್ಸ್ ಇದೆ, ಅವರು ಕಲಿಯುತ್ತಾರೆ. ಸಾಲ, ಜಾತಿ, ಗಂಡನ ಕುಡಿತದ ಬಗ್ಗೆ ಕೇಳಲು ಬರುವವರು ಹೆಚ್ಚಾಗಿ ಸಮಾಜಶಾಸ್ತ್ರ, ಅರ್ಥಶಾಸ್ತ್ರದವರು. ಊರಲ್ಲಿ ಮನೆ ಒಡೆಯಲು ಇಂಥ ಒಂದು ಉತ್ತರ ಬಯಲಾದರೂ ಸಾಕು.

ವೈದ್ಯಕೀಯ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಇದೆಲ್ಲ ಇದೆ. ವಿವರ ಜನರ ಭಾಷೆಯಲ್ಲೇ ಇರಬೇಕು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧನೆಗೆ ಸಂಬಂಧವಿಲ್ಲದ, ಓದುಬಲ್ಲ ಸಾಕ್ಷಿ ಪಕ್ಕದಲ್ಲಿರಬೇಕು. ಒಪ್ಪಿದ ಮೇಲೂ ಯಾವಾಗ ಬೇಕಾದರೂ ‘ಸಾಕ್ರಿ’ ಎಂದು ಹೊರಬರಬಹುದು. ಸಹಿ ಆದ ಫಾರ್ಮಿನ ಒಂದು ಪ್ರತಿ ನಿಮ್ಮ ಕೈಗೇ ಕೊಟ್ಟು ಹೋಗಬೇಕು.